ಮುಳ್ಳು ಯಾರ ಕಡೆಗೆ

ಮಾಲೂರಿನ ರೈಲು ಹೊರಟುಹೋದ ಮೇಲೂ ಮುನಿರಾಮಪ್ಪ ಟೇಕಲ್ ಸ್ಟೇಷನ್ನಿನ ಬೆಂಚಿನಿಂದ ಏಳಲಿಲ್ಲ. ಅದೇ ರೈಲಿಗೆ ಹೋಗುತ್ತೇನೆಂದು ಹೆಂಡತಿ ಗಂಗರತ್ನಮ್ಮನಿಗೆ ಹೇಳಿ, ಬುತ್ತಿ ಕಟ್ಟಿಸಿಕೊಂಡು, ದಾಕಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದ. ಊರೂರು ಸುತ್ತಿ ಮಕ್ಕಳಿಗೆ ಸಿಡುಬಿನ ದಾಕು ಹಾಕುವುದು ಅವನ ನೌಕರಿ, ಹನ್ನೊಂದು ವರ್ಷದಿಂದ ಅದೇ. ಆಫೀಸಿಗೆ ಹೊಸ ದಾಕಿನ ಕೊಳವೆಗಳು ಬಂದಿವೆ, ತೆಗೆದುಕೊಂಡು ಸಂಜೆಯ ಗಾಡಿಗೆ ಹಿಂದಿರುಗುತ್ತೇನೆ ಎಂದಿದ್ದ. ಕೊಳವೆಗಳು ಬಂದಿರಲಿಲ್ಲ. ಹೆಂಡತಿಗೆ ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂಬುದು ಅವನಿಗೇ ಗೊತ್ತಿರಲಿಲ್ಲ, ಅವಳು ಅದನ್ನು ಅಷ್ಟೇ ಸಲೀಸಾಗಿ ನಂಬಿದ್ದು ಬೇರೆ ಅನುಮಾನಕ್ಕೆ ಕಾರಣವಾಗಿತ್ತು. ಎಷ್ಟು ಹೊತ್ತಿಗೆ ಬರ್ತೀರಿ ಎಂದು ಎರಡು ಸಲ ಕೇಳಿದ್ದಳು. ಒಂದು ಸಲ ಕೇಳಿದರೆ ಅಕ್ಕರೆ, ಎರಡು ಸಲ ಯಾಕೆ ಕೇಳಬೇಕು? ಸ್ಟೇಷನ್ನಿನ ಪೋರ್ಟರು ಹತ್ತಿರ ಬಂದು ಗಾಡಿ ಬಿಟ್ಟುಬಿಟ್ಟಿರಲ್ಲ ಎಂದು ವಿಚಾರಿಸಿದ. ಹೊಟ್ಟೆನೋವು ಎಂದ ಮುನಿರಾಮಪ್ಪ. ಪೋರ್ಟರು ತುಂಬ ಮರುಕದಿಂದ ಜೀರಿಗೆ ನೀರು ಕುಡಿಯಲು ಹೇಳಿ, ಹೆಂಡತಿಯ ಕೈಲಿ ಹೊಕ್ಕಳಿಗೆ ಹರಳೆಣ್ಣೆ ಹಚ್ಚಿಸಿಕೊಳ್ಳಿ ಎಂದೂ ಸೇರಿಸಿದ. ಇಲ್ಲದ ನೋವಿಗೆ ಮರುಕ ಪಡೆದು ಕೂತಿದ್ದೇನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಎಲ್ಲ ಆ ಹಂದಿಯಿಂದ. ಅವನ ಮನೆ ಟೇಕಲ್ ಬೆಟ್ಟದ ಬುಡಕ್ಕೇ ಅಂಟಿಕೊಂಡಂತೆ ಇತ್ತು. ಹಿತ್ತಲು ಮುಗಿಯುವಲ್ಲಿಗೆ ಬಂಡೆಗಳು ಶುರು. ಕಾಡುಹಂದಿಗಳು ಅಲ್ಲಿಂದ ಇಳಿದು ಬರುವುದು ಅಪ್ಪನ ಕಾಲದಿಂದಲೂ ಇದ್ದದ್ದೇ. ಅಪ್ಪನ ಕಾಲಕ್ಕೆ ಹಿತ್ತಲ ಸುತ್ತ ಆಳೆತ್ತರದ ಪಾಪಾಸುಕಳ್ಳಿ ಇತ್ತು, ಹಂದಿಯಿರಲಿ ಮೊಲ ಕೂಡ ತೂರುತ್ತಿರಲಿಲ್ಲ. ಆಮೇಲೆ ಯಾವುದೋ ಹುಳ ಬಂತು, ಕಳ್ಳಿಯ ಮೇಲೆಲ್ಲ ಬೆಳ್ಳಗೆ ಹತ್ತಿಯಂತೆ ಮೆತ್ತಿಕೊಂಡಿತು, ಎರಡು ವರ್ಷದೊಳಗೆ ಸೀಮೆಯ ಕಳ್ಳಿಯೆಲ್ಲ ಕೊಳೆತು ಕೂತಿತು. ಬೆರಳಿನಿಂದ ಹಿಸುಕಿದರೆ ಆ ಹುಳದಿಂದ ರಕ್ತದಂತಹ ಕೆಂಪು ಬರುತ್ತಿತ್ತು. ಅಪ್ಪ ಆ ಕೆಂಪು ಬೆರಳನ್ನು ಪಂಚೆಗೆ ಒರಸಿಕೊಂಡು, ಇನ್ನು ವರ್ಷಾ ವರ್ಷಾ ಮುಳ್ಳು ಕಡಿದು ತಂದು ಬೇಲಿ ಹಾಕಬೇಕು ಎಂದಿದ್ದ. ಜಾಲಿಮುಳ್ಳಿನ ಕೊಂಬೆಯನ್ನು ಹೇಗೆ ಇಡಬೇಕೆಂದು ತೋರಿಸಿದ್ದೂ ಆವತ್ತೇ. ಬುಡ ನಮ್ಮ ಕಡೆಗೆ, ಮುಳ್ಳು ಪ್ರಾಣಿಯ ಕಡೆಗೆ. ಬುಡ ಒಳಗಿದ್ದರೆ ನಾವು ಹಿಡಿದು ಎಳೆದು ಸರಿಮಾಡಬಹುದು, ಹೊರಗಿನದಕ್ಕೆ ಹಿಡಿಯಲು ಏನೂ ಸಿಗಬಾರದು. ಯಾವ ಊರಿಗೆ ಹೋದರೂ ಬೇಲಿ ನೋಡಿದರೆ ಸಾಕು, ಯಾರು ಒಳಗಿನವರು, ಯಾರನ್ನು ಹೊರಗಿನವರೆಂದು ಅಂದುಕೊಂಡಿದ್ದಾರೆ ಎಂಬುದು ಗೊತ್ತಾಗಿಬಿಡುತ್ತದೆ ಎನ್ನುತ್ತಿದ್ದ ಅಪ್ಪ. ಆಗ ಮುನಿರಾಮಪ್ಪನಿಗೆ ಅದು ಬೇಲಿಯ ಮಾತಾಗಿ ಮಾತ್ರ ಕೇಳಿಸಿತ್ತು.

ಈ ವರ್ಷ ಹಿತ್ತಲಿಗೆ ಹಂದಿ ನಾಲ್ಕು ಸಲ ಬಂದಿತ್ತು. ಗೆಣಸಿನ ಪಾತಿಯನ್ನು ಒಂದು ಮೂಲೆಯಿಂದ ಕೆದಕಿ ಹೋಗಿತ್ತು. ಬಂದದ್ದೂ ಬೆಟ್ಟದ ಕಡೆಯಿಂದಲ್ಲ. ತಮ್ಮ ಕದಿರಪ್ಪನ ಹಿತ್ತಲಿಗೂ ತನ್ನ ಹಿತ್ತಲಿಗೂ ನಡುವೆ ಇದ್ದ ಬೇಲಿಯಲ್ಲಿ ಮೊಣಕಾಲೆತ್ತರದ ಒಂದು ಕಂಡಿಯಾಗಿತ್ತು, ಅಲ್ಲಿಂದ. ತಮ್ಮನ ಮನೆಯವರು ತಮ್ಮ ಕಡೆಯ ಬೇಲಿಯನ್ನು ಹಾಳುಬಿಟ್ಟಿದ್ದಾರೆ, ಹಂದಿ ಅವರ ಹಿತ್ತಲಿಗೆ ನುಗ್ಗಿ ಅಲ್ಲಿಂದ ಇಲ್ಲಿಗೆ ಬರುತ್ತಿದೆ ಎಂದು ಮೊದಲು ಲೆಕ್ಕ ಹಾಕಿದ್ದ. ಎರಡನೆಯ ಸಲ ಬಂದಾಗ ಬೇಲಿಯ ಹತ್ತಿರ ನಿಂತು, ಆ ಕಡೆಯ ಜಗಲಿಗೆ ಕೇಳಿಸುವಂತೆ ಗಟ್ಟಿಯಾಗಿ, ಆ ಕಡೆಯಿಂದ ಬರುವ ಹಂದಿಗೆ ಮಾನ ಮರ್ಯಾದೆ ಇಲ್ಲ, ಬೇರೆಯವರ ಬೆವರಿನಲ್ಲಿ ಹೊಟ್ಟೆ ಹೊರೆಯುತ್ತದೆ ಎಂದು ಕೂಗಾಡಿದ್ದ. ಆಗ ತಾನು ಹಂದಿಗೇ ಬೈದೆ ಎಂದು ಇವತ್ತು ಪ್ರಮಾಣ ಮಾಡಲು ಅವನಿಗೆ ಧೈರ್ಯ ಸಾಲದು. ಮೂರನೆಯ ಸಲದ ಹೊತ್ತಿಗೆ ಒಂದು ವಿಷಯ ಹೊಳೆದಿತ್ತು. ಹಂದಿ ಬರುವುದು ಅವನು ಕ್ಯಾಂಪಿಗೆ ಹೋದ ದಿನಗಳಲ್ಲಿ ಮಾತ್ರ. ಯಲ್ದೂರಿಗೆ ಹೋದಾಗ ಒಂದು ಸಲ, ಲಕ್ಕೂರಿನ ಕಡೆ ಹೋದಾಗ ಇನ್ನೊಂದು ಸಲ. ಅವನ ಕ್ಯಾಂಪಿನ ತಾರೀಖು ಆಫೀಸಿನ ಗುಮಾಸ್ತೆಗೆ ಗೊತ್ತು, ತನಗೆ ಗೊತ್ತು, ಗಂಗರತ್ನಮ್ಮನಿಗೆ ಗೊತ್ತು. ಹಂದಿಗೆ ಯಾರು ಹೇಳಿದರು?

ಪೋರ್ಟರು ಎರಡನೆಯ ಸಲ ಇತ್ತ ನೋಡಿದಾಗ ಮುನಿರಾಮಪ್ಪ ಎದ್ದು, ಊರಿನ ದಾರಿ ಬಿಟ್ಟು ಬೆಟ್ಟದ ಕಾಲುಹಾದಿ ಹಿಡಿದ. ಹುಲ್ಲು ಒಣಗತೊಡಗಿತ್ತು. ಚೀಲದೊಳಗೆ ಕೊಳವೆಗಳ ತಗಡಿನ ಡಬ್ಬಿ ಹೆಜ್ಜೆಹೆಜ್ಜೆಗೂ ಸದ್ದು ಮಾಡುತ್ತಿತ್ತು, ಅದನ್ನು ಟವಲಿನಲ್ಲಿ ಸುತ್ತಿದ. ಸ್ವಂತ ಮನೆಗೆ ಕಳ್ಳನ ಹಾಗೆ ಹೋಗುತ್ತಿದ್ದೇನೆ ಎಂದುಕೊಂಡ, ಆದರೂ ಹೆಜ್ಜೆ ನಿಧಾನವಾಗಲಿಲ್ಲ. ಹಿಸ್ಸೆಯಾದ ದಿನವೂ ಹೀಗೇ, ಮಾಡುತ್ತಿರುವುದು ಸರಿಯಲ್ಲ ಎಂದು ಗೊತ್ತಿದ್ದೂ ಕೈ ನಿಂತಿರಲಿಲ್ಲ. ಮನೆ ಎರಡಾಗಿತ್ತು, ಹೊಲ ಎರಡಾಗಿತ್ತು, ಹಿತ್ತಲಿನಲ್ಲಿ ಅಮ್ಮ ಇಪ್ಪತ್ತು ವರ್ಷ ಗೊಬ್ಬರ ಹೊತ್ತು ಹದ ಮಾಡಿದ ಗೆಣಸಿನ ಮಣ್ಣು ಹಿರಿಯನೆಂದು ಅವನ ಪಾಲಿಗೆ ಬಂದಿತ್ತು, ಕದಿರಪ್ಪನಿಗೆ ಹೆಚ್ಚು ಕಡಿಮೆ ಬಂಡೆ. ನಡುವೆ ಒಂದು ಬೇಲಿ ಇರಲಿ ಎಂದು ಪಂಚಾಯಿತಿಯವರೇ ಹೇಳಿದ್ದರು. ಅವನು ಅವತ್ತೇ ಮುಳ್ಳು ತಂದು ಸಂಜೆಯೊಳಗೆ ಬೇಲಿ ಮುಗಿಸಿದ. ಅಮ್ಮ ಮುನಿಗಂಗಮ್ಮ ಹಿತ್ತಲಿಗೆ ಬಂದು ಬೇಲಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿಕೊಂಡು ನಡೆದಳು. ಅವಳ ತವರು ಮುಳಬಾಗಿಲಿನ ಆಚೆ, ಸಿಟ್ಟು ಬಂದರೆ ಕನ್ನಡ ಬಿಟ್ಟು ತೆಲುಗಿಗೆ ತಿರುಗುತ್ತಿದ್ದಳು. "ಮುಂಡ್ಲು ಎವರಿ ಪಕ್ಕ ಪೆಟ್ಟಿನಾವುರಾ?" ಎಂದು ಕೇಳಿದಳು. ಮುಳ್ಳು ಯಾರ ಕಡೆಗೆ ಇಟ್ಟಿದ್ದೀಯೋ? ಆಗ ಅವನೂ ನೋಡಿದ. ಬುಡಗಳೆಲ್ಲ ತನ್ನ ಕಡೆಗೆ, ಮುಳ್ಳುಗಳೆಲ್ಲ ತಮ್ಮನ ಮನೆಯ ಕಡೆಗೆ. ಕೈ ಅಭ್ಯಾಸದಿಂದ ಇಟ್ಟಿತ್ತು, ಬೆಟ್ಟದ ಕಡೆಗೆ ಇಡುವ ಹಾಗೇ ಇಲ್ಲಿಯೂ ಇಟ್ಟಿತ್ತು. ಹಾಗೆಂದು ಅಮ್ಮನಿಗೆ ಹೇಳಬಹುದಿತ್ತು. ಅಣ್ಣತಮ್ಮಂದಿರ ನಡುವಿನ ಬೇಲಿಯಲ್ಲಿ ಒಂದು ಕೊಂಬೆ ಆ ಕಡೆಗೆ, ಒಂದು ಈ ಕಡೆಗೆ ಇಡುವುದು ಊರಿನ ಪದ್ಧತಿ, ಅದು ಅವನಿಗೆ ಗೊತ್ತಿಲ್ಲದ್ದಲ್ಲ. ಅವನು ಹೇಳಿದ್ದು, ಹಾಕುವವನ ಕಡೆಗೆ ಬುಡ ಇರುತ್ತದೆ, ಇನ್ನೇನು ಎಂದು. ಅಮ್ಮ ಒಳಗೆ ಹೋಗಿ ತನ್ನ ಮೊರ, ಎರಡು ಸೀರೆ, ಎಲೆಯಡಿಕೆಯ ಸಂಚಿ ತೆಗೆದುಕೊಂಡು, ಮುಂಬಾಗಿಲಿನಿಂದ ಬೀದಿಗಿಳಿದು ಕಿರಿಯ ಮಗನ ಮನೆ ಸೇರಿದಳು. ಎರಡೂವರೆ ವರ್ಷವಾಯಿತು, ಆ ಮುಂಬಾಗಿಲನ್ನು ಅವಳು ಮತ್ತೆ ತುಳಿದಿಲ್ಲ.

ಅವಳು ಹೋದದ್ದು ಮುಳ್ಳಿಗಲ್ಲ, ಮಕ್ಕಳಿಗೆ ಎಂದು ಅವನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದ. ಅಲ್ಲಿ ಮೊಮ್ಮಕ್ಕಳಿದ್ದವು. ತಾಲ್ಲೂಕಿನ ಮಕ್ಕಳ ತೋಳಿನ ಮೇಲೆಲ್ಲ ತನ್ನ ಕೈಯ ಗುರುತಿದೆ, ತನ್ನ ಮನೆಯಲ್ಲಿ ತೋಳು ಚಾಚಲು ಒಂದು ಮಗುವಿಲ್ಲ. ಹಿಸ್ಸೆಯಾದ ಮೇಲೆ ಕದಿರಪ್ಪನಿಗೆ ಇನ್ನೊಂದು ಹೆಣ್ಣುಮಗುವಾಯಿತು, ಭಾರತಿ ಎಂದು ಹೆಸರಿಟ್ಟರಂತೆ. ಆಮೇಲೆ ಕದಿರಪ್ಪ ಯುದ್ಧದ ರಸ್ತೆ ಕೆಲಸಕ್ಕೆಂದು ಕೂಲಿಯವರ ಜೊತೆ ಅಸ್ಸಾಮಿನ ಕಡೆಗೆ ರೈಲು ಹತ್ತಿದ. ಎಂಟು ತಿಂಗಳಿಂದ ಕಾಗದವಿಲ್ಲ. ಅವನ ಹೆಂಡತಿ ಶಾಮಲಮ್ಮ ಬೆಳಗ್ಗೆ ಹೊಲದ ಕೂಲಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ, ಮಗುವನ್ನು ನೋಡಿಕೊಳ್ಳುವುದು ಅಮ್ಮ. ಇದೆಲ್ಲ ಅವನಿಗೆ ಬೇರೆಯವರ ಬಾಯಿಂದ ಗೊತ್ತು. ಒಂದು ಸಲ ಹೋಗಿ ಹೇಗಿದ್ದೀರಿ ಎಂದು ಕೇಳಬಹುದಿತ್ತು. ಅಮ್ಮನೇ ಬರಲಿ, ಬಂದು ಕೇಳಲಿ, ಒಂದು ಮಾತು ಕೇಳಿದರೆ ಇಡೀ ಹಿತ್ತಲನ್ನೇ ಕೊಟ್ಟೇನು ಎಂದು ಕಾದಿದ್ದ. ಕಾಯುವುದರಲ್ಲಿ ಒಂದು ಸುಖವೂ ಇತ್ತು, ಅದನ್ನು ಅವನು ಯಾರಿಗೂ ಹೇಳಲಾರ. ಇನ್ನೊಂದನ್ನಂತೂ ಹೇಳುವಂತೆಯೇ ಇಲ್ಲ. ಊರಿನ ಮಕ್ಕಳ ಪಟ್ಟಿಯಲ್ಲಿ ಭಾರತಿಯ ಹೆಸರಿನ ಎದುರಿಗೆ ಅವನು 'ಊರಲ್ಲಿ ಇಲ್ಲ' ಎಂದು ಬರೆದಿದ್ದ. ಎರಡು ವರ್ಷವೂ ಹಾಗೇ ಬರೆದಿದ್ದ. ಮಗು ಇಪ್ಪತ್ತು ಹೆಜ್ಜೆ ಆಚೆ ಬೇಲಿಯ ಹಿಂದೆ ಅಳುವುದು ಕೇಳಿಸುತ್ತಿರುವಾಗಲೇ ಬರೆದಿದ್ದ. ಈ ಸಲ ಮುಳಬಾಗಿಲಿನ ಕಡೆ ಸಿಡುಬು ಕಾಣಿಸಿಕೊಂಡಿದೆ ಎಂದು ಆಫೀಸಿನಿಂದ ಕಾಗದ ಬಂದ ದಿನ, ಆ ಎರಡು ಪದಗಳು ಅವನಿಗೆ ಊಟ ಮಾಡಲು ಬಿಟ್ಟಿರಲಿಲ್ಲ.

ಹಂದಿಯ ಮೇಲಿನ ಅನುಮಾನ ಗಟ್ಟಿಯಾದದ್ದು ಕೂದಲಿನಿಂದ. ಕ್ಷೌರದ ಕೂದಲನ್ನು ಬೇಲಿಯುದ್ದಕ್ಕೂ ಚೆಲ್ಲಿದರೆ ಹಂದಿ ಮೂಸಲು ಬಂದಾಗ ಮೂಗಿಗೆ ಸೇರಿ, ಮತ್ತೆ ಒಂದು ತಿಂಗಳು ಆ ಕಡೆ ತಲೆ ಹಾಕುವುದಿಲ್ಲ. ಸುತ್ತಲಿನ ಹಳ್ಳಿಯವರೆಲ್ಲ ಮಾಡುವುದೇ. ಮೂರನೆಯ ಸಲ ಹಂದಿ ಬಂದ ಮೇಲೆ ಅವನು ಒಂದು ಕುಕ್ಕೆ ಕೂದಲು ತಂದು ಕಂಡಿಯ ಸುತ್ತ ದಪ್ಪನಾಗಿ ಚೆಲ್ಲಿದ. ತಿನ್ನುವ ಗೆಣಸಿನ ಪಾತಿಗೆ ಊರವರ ತಲೆಗೂದಲು ತಂದು ಹಾಕಿದಿರಲ್ಲ ಎಂದು ಗಂಗರತ್ನಮ್ಮ ಅತ್ತಳು. ಅಷ್ಟಕ್ಕೇ ಅಳುವ ಹೆಂಗಸಲ್ಲ ಅವಳು. ನಾಲ್ಕನೆಯ ಸಲ ಅವನು ಕ್ಯಾಂಪಿನಿಂದ ಬಂದಾಗ ಪಾತಿ ಮತ್ತೆ ಕೆದರಿತ್ತು. ಅವತ್ತು ಕುಕ್ಕುರುಗಾಲಿನಲ್ಲಿ ಕೂತು ಒಂದೊಂದು ಹೆಂಟೆಯನ್ನೂ ನೋಡಿದ. ಹಂದಿ ಕೆದಕಿದರೆ ಬಳ್ಳಿ ಅರ್ಧ ತಿಂದು ಅರ್ಧ ತುಳಿದಿರುತ್ತದೆ, ಇಲ್ಲಿ ಬಳ್ಳಿಯನ್ನು ಪಕ್ಕಕ್ಕೆ ಎತ್ತಿ ಇಟ್ಟ ಹಾಗಿತ್ತು. ಎಳೆಯ ಗೆಣಸುಗಳ ಮೇಲೆ ಮಣ್ಣು ಮುಚ್ಚಿತ್ತು. ಇನ್ನೂ ಬಲಿಯಲಿ ಎಂದು ಬಿಟ್ಟುಹೋಗುವ ಹಂದಿಯನ್ನು ಅವನು ಎಲ್ಲಿಯೂ ಕಂಡಿರಲಿಲ್ಲ. ಬೀದಿಗೆ ಹೊರಟವನು ತಮ್ಮನ ಮನೆಯ ಜಗಲಿಯ ಮೆಟ್ಟಿಲನ್ನು ಓರೆಗಣ್ಣಿನಿಂದ ನೋಡಿದ. ಸಾರಿಸಿದ ಮೆಟ್ಟಿಲಿನ ಮೇಲೆ, ಒದ್ದೆ ಕಾಲಿಗೆ ಅಂಟಿಬಂದು ಅಲ್ಲೇ ಒಣಗಿದ ನಾಲ್ಕು ಎಳೆ ಕೂದಲಿತ್ತು.

ಹಿತ್ತಲಿನ ನೇರಕ್ಕೆ ಮೇಲೆ, ಮಾತು ಕೇಳುವಷ್ಟು ಹತ್ತಿರದಲ್ಲಿ, ಒಂದು ದೊಡ್ಡ ಬಂಡೆಯೂ ಅದರ ಪಕ್ಕಕ್ಕೆ ಕತ್ತಾಳೆಯ ಪೊದೆಯೂ ಇದ್ದವು. ಅವನು ಅಲ್ಲಿ ಕೂತ. ಕಾಲು ಮರಗಟ್ಟುವಷ್ಟು ಹೊತ್ತು ಏನೂ ಆಗಲಿಲ್ಲ. ಹೆಂಡತಿ ಒಂದು ಸಲ ಬಂದು ಪಾತ್ರೆ ತೊಳೆದು ಹೋದಳು. ಏನೂ ಆಗದಿದ್ದರೆ ಚೆನ್ನ ಎಂದು ಅನಿಸಿತು, ಮರುಕ್ಷಣವೇ ಏನೂ ಆಗದಿದ್ದರೆ ತಾನು ಎಂಥ ಮನುಷ್ಯನಾಗಿ ಈ ಬಂಡೆಯ ಹಿಂದಿನಿಂದ ಎದ್ದುಹೋಗಬೇಕಾಗುತ್ತದೆ ಎಂದು ಹೆದರಿಕೆಯಾಯಿತು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಗಂಗರತ್ನಮ್ಮ ಕವೆಗೋಲು ಹಿಡಿದು ಮತ್ತೆ ಬಂದಳು. ಕಂಡಿಗೆ ಅವನು ತುರುಕಿದ್ದ ಮುಳ್ಳುಕಂತೆಯನ್ನು ಕವೆಗೋಲಿನಿಂದ ಒಂದೂ ಎಲೆ ಉದುರದ ಹಾಗೆ ಎತ್ತಿ ಪಕ್ಕಕ್ಕಿಟ್ಟಳು, ಎಷ್ಟೋ ಸಲ ಮಾಡಿದ ಕೈ. ಬೇಲಿಯ ಆಚೆಯಿಂದ ಒಂದು ಧ್ವನಿ, "ಹಂದಿ ಬಂತು ಕಣೇ ರತ್ನಾ, ದಾರಿ ಬಿಡು" ಎಂದಿತು. ಕಂಡಿಯಲ್ಲಿ ಮೊದಲು ಎರಡು ಕೈ ಕಾಣಿಸಿದವು, ಆಮೇಲೆ ನರೆತ ತಲೆ. ಅವನ ಅಮ್ಮ ಅಂಗೈ ಮತ್ತು ಮೊಣಕಾಲು ನೆಲಕ್ಕೂರಿಕೊಂಡು, ಬೆನ್ನಿಗೆ ಮುಳ್ಳು ತಗುಲದಂತೆ ಹೊಟ್ಟೆಯನ್ನು ನೆಲಕ್ಕೆ ಇಳಿಸಿಕೊಂಡು, ಆ ಮೊಣಕಾಲೆತ್ತರದ ತೂತಿನಲ್ಲಿ ತೆವಳಿ ಒಳಗೆ ಬಂದಳು. ಕಂಡಿಯನ್ನು ದೊಡ್ಡದು ಮಾಡಿದರೆ ಅದು ಹಂದಿಯದಾಗಿ ಉಳಿಯುವುದಿಲ್ಲ, ಅದಕ್ಕೇ ಅವರು ಅದನ್ನು ಅಷ್ಟೇ ಇಟ್ಟುಕೊಂಡಿದ್ದಾರೆ ಎಂದು ಅವನಿಗೆ ಅರ್ಥವಾಯಿತು.

ಹೆಂಡತಿ ಕುರ್ಪಿಯಿಂದ ಅಗೆದಳು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಪಾತಿಯ ಬದಿಯಲ್ಲಿ ಕೂತು, ಇಪ್ಪತ್ತು ವರ್ಷ ಕೂತಿದ್ದ ಜಾಗದಲ್ಲೇ ಕೂತು, ಗೆಣಸಿನ ಮಣ್ಣು ಒರಸಿ ಮಡಿಲಿಗೆ ಹಾಕಿಕೊಂಡಳು. ಐದೋ ಆರೋ, ಅಷ್ಟೇ. ಆಮೇಲೆ ಅಗೆದ ಜಾಗವನ್ನು ಅಮ್ಮ ಹಿಂಗೈಯಿಂದ ಮೇಲಕ್ಕೆ ಎತ್ತೆತ್ತಿ ಚೆಲ್ಲತೊಡಗಿದಳು. "ಹೋದ್ಸಲ ಬಳ್ಳಿ ಓರಣವಾಗಿ ಇಟ್ಟುಬಿಟ್ಟೆ ನೀನು. ಹಂದಿ ಓರಣ ಮಾಡ್ತದೇನೆ? ಮೂತೀಲಿ ಹಿಂಗೆ ಎತ್ತಿ ಒಗೀತದೆ. ಅವ್ನು ಅನುಮಾನದ ಮನುಷ್ಯ, ಚಿಕ್ಕೋನಾಗಿದ್ದಾಗ್ಲೂ ಹಾಲಿನ ಕೆನೆ ಲೆಕ್ಕ ಹಾಕೋನು" ಎಂದಳು. ಗಂಗರತ್ನಮ್ಮ ನಕ್ಕಳು. ಬಾಯಿಗೆ ಸೆರಗು ಅಡ್ಡ ಹಿಡಿದು, ಭುಜ ಕುಲುಕುವ ಹಾಗೆ ನಕ್ಕಳು. ಅಮ್ಮನೂ ನಕ್ಕಳು. ಹನ್ನೆರಡು ವರ್ಷದ ಸಂಸಾರದಲ್ಲಿ ಹೆಂಡತಿ ಹೀಗೆ ನಗುವುದನ್ನು ಅವನು ಕಂಡಿರಲಿಲ್ಲ. ಗೆಣಸು ಹೋದದ್ದಕ್ಕೆ ಒಂದು ಚೂರೂ ನೋವಾಗಲಿಲ್ಲ. ತನ್ನ ಹಿತ್ತಲಿನಲ್ಲಿ ಇಂಥದೊಂದು ಸಂತೋಷ ತಾನಿಲ್ಲದ ದಿನಗಳಲ್ಲೆಲ್ಲ ನಡೆಯುತ್ತಿತ್ತು, ತಾನು ಬಂದೊಡನೆ ಅದು ಬೇಲಿಯ ಆಚೆಗೆ ತೆವಳಿಕೊಂಡು ಹೋಗುತ್ತಿತ್ತು ಎಂಬುದು ಅವನನ್ನು ಹಿಂಡಿತು. ಅಮ್ಮ ಹೋಗುವಾಗ ಮೊದಲು ಗೆಣಸುಗಳನ್ನು ಒಂದೊಂದಾಗಿ ಕಂಡಿಯಾಚೆಗೆ ಉರುಳಿಸಿ, ಆಮೇಲೆ ತಾನು ತೂರಿದಳು. ಸೀರೆ ಮುಳ್ಳಿಗೆ ಸಿಕ್ಕಿಕೊಂಡಿತು. ಹೆಂಡತಿ ಬಗ್ಗಿ ಬಿಡಿಸಿದಳು.

ಮೇಲೆ ಕೂತವನು ಬುತ್ತಿ ಬಿಚ್ಚಿದ. ಮುದ್ದೆಯ ಜೊತೆ ಸುಟ್ಟ ಗೆಣಸು ಒಂದಿತ್ತು. ಹಸಿವಾಗಿತ್ತು, ತಿಂದ. ಗಂಟಲಲ್ಲಿ ಇಳಿಯದಿದ್ದರೆ ಚೆನ್ನಾಗಿರುತ್ತಿತ್ತು, ಆದರೆ ಚೆನ್ನಾಗಿಯೇ ಇಳಿಯಿತು.

ಸಂಜೆಯ ಗಾಡಿ ಕೂಗಿದ ಮೇಲೆ ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಇಳಿದು, ಸ್ಟೇಷನ್ನಿನ ರಸ್ತೆಯಿಂದಲೇ ಬಂದಂತೆ ಮನೆಗೆ ಬಂದ. ಗಂಗರತ್ನಮ್ಮ ಕಾಲಿಗೆ ನೀರು ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಹಂದಿ ಬಂದಿತ್ತು ಎಂದಳು. ಅವನು ಕಂದೀಲು ಹಚ್ಚದೆ ಮಬ್ಬಿನಲ್ಲೇ ಹೋಗಿ ನೋಡಿದ. ಈ ಸಲ ಬಳ್ಳಿ ಓರಣವಾಗಿರಲಿಲ್ಲ. ಅಮ್ಮ ಚೆನ್ನಾಗಿ ಮಾಡಿದ್ದಳು, ಗೊತ್ತಿಲ್ಲದಿದ್ದರೆ ನಂಬಿಬಿಡುತ್ತಿದ್ದ. ಹೂಂ, ಬಂದಿದೆ ಎಂದ. ಅವಳು ಅವನ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿದಳು. ಊಟಕ್ಕೆ ಕೂತಾಗ ಪಂಚೆಯ ಅಂಚಿನಲ್ಲಿ ಬೆಟ್ಟದ ಹುಲ್ಲಿನ ಮುಳ್ಳುಗಳು ಸಾಲಾಗಿ ಚುಚ್ಚಿಕೊಂಡಿದ್ದವು, ರೈಲಿನಲ್ಲಿ ಹೋಗಿ ಬಂದವನ ಪಂಚೆಯಲ್ಲಿ ಅವು ಇರಬಾರದು. ಅವಳೂ ಕಂಡಿರಬೇಕು.

ಬೆಳಗ್ಗೆ ಎದ್ದವನೇ ಕುಡುಗೋಲು ತೆಗೆದುಕೊಂಡು ಬೇಲಿಯ ಹತ್ತಿರ ಹೋದ. ಕಂಡಿಯ ಮೇಲಿನ ಕೊಂಬೆಗಳನ್ನು ಒಂದೊಂದಾಗಿ ಕಡಿದು ಎಳೆದು ಹಾಕಿದ. ಎದೆಯೆತ್ತರಕ್ಕೆ ಬಂತು, ಆಮೇಲೆ ಆಳೆತ್ತರಕ್ಕೆ. ಒಬ್ಬ ಮನುಷ್ಯ ಬೆನ್ನು ನೆಟ್ಟಗೆ ಇಟ್ಟುಕೊಂಡು ನಡೆದು ಬರಬಹುದಾದ ಜಾಗವಾಯಿತು. ಮೈ ಬೆವರಿತು, ಮನಸ್ಸು ಹಗುರವಾಯಿತು, ತನ್ನ ಬಗ್ಗೆ ತನಗೇ ಒಳ್ಳೆಯ ಅಭಿಪ್ರಾಯ ಬಂದು ಎಷ್ಟು ಕಾಲವಾಗಿತ್ತು! ಗಂಗರತ್ನಮ್ಮ ಹಿಂಬಾಗಿಲಲ್ಲಿ ನಿಂತು ಇದೇನು ಮಾಡುತ್ತಿದ್ದೀರಿ ಎಂದಳು. ಹಂದಿಗೆ ಬಗ್ಗಿ ಬರೋದು ಕಷ್ಟ ಆಗ್ತಿತ್ತು ಎಂದ ಅವನು, ಕಣ್ಣು ಎತ್ತದೆ. ಅವಳು ಅರ್ಥ ಮಾಡಿಕೊಂಡು ಹತ್ತಿರ ಬರುತ್ತಾಳೆ, ಅಳುತ್ತಾಳೆ, ಎಷ್ಟು ಒಳ್ಳೆಯವರು ನೀವು ಎನ್ನುತ್ತಾಳೆ ಎಂದು ಕಾದ. ಅವಳ ಮುಖ ಬಿಳಿಚಿಕೊಂಡಿತು. "ಬೇಡ. ಮುಚ್ಚಿಬಿಡಿ. ಮೊದ್ಲಿದ್ದಂಗೇ ಮಾಡಿ, ಅವ್ರು ನೋಡೋದ್ರೊಳಗೆ ಮಾಡಿ" ಎಂದಳು. ಅವನಿಗೆ ಸಿಟ್ಟು ಬಂತು. ಉದ್ದೇಶಪೂರ್ವಕವಾಗಿಯೇ ಒಂದು ಕೊಂಬೆಯನ್ನೂ ಮುಟ್ಟದೆ, ಕುಡುಗೋಲನ್ನು ಅಲ್ಲೇ ಎಸೆದು, ಸ್ನಾನಕ್ಕೆ ಹೋದ.

ಆ ದಿನವೆಲ್ಲ ಅವನು ಹಿತ್ತಲಿನ ಕಡೆಗೇ ಕಿವಿ ಇಟ್ಟುಕೊಂಡು ಕೂತಿದ್ದ. ಆಚೆಯಿಂದ ಮಗುವಿನ ಸದ್ದು ಬಂತು, ಮೊರದಲ್ಲಿ ರಾಗಿ ಕೇರುವ ಸದ್ದು ಬಂತು, ಆ ಸದ್ದು ಒಂದು ಸಲ ನಿಂತು ತುಂಬ ಹೊತ್ತು ಮತ್ತೆ ಶುರುವಾಗಲಿಲ್ಲ. ಆಗ ಅಮ್ಮ ಬೇಲಿಯನ್ನು ನೋಡುತ್ತಿದ್ದಿರಬೇಕು. ಬೇಲಿ ತೆಗೆದವನು ನಾನು, ನೋಡುವವಳಿಗೆ ಇನ್ನೇನು ಬೇಕು ಎಂದುಕೊಂಡ. ಆದರೂ ಒಂದು ಸಣ್ಣ ಹುಳ ಒಳಗೆ ಕೊರೆಯುತ್ತಿತ್ತು. ನಾನು ಅದನ್ನು ತೆಗೆದದ್ದು ಅವಳು ಬರಲಿ ಎಂದೋ, ನಿನ್ನನ್ನು ಕಂಡೆ ಎಂದು ಅವಳಿಗೆ ಗೊತ್ತಾಗಲಿ ಎಂದೋ? ಮಾರನೆಯ ಬೆಳಗ್ಗೆ ಎದ್ದು ನೋಡಿದರೆ ಕಂಡಿ ಮುಚ್ಚಿತ್ತು. ಹೊಸ ಜಾಲಿಮುಳ್ಳು, ಇನ್ನೂ ಹಸಿರಾಗಿರುವ ಎಲೆ. ಅಮ್ಮನೂ ಶಾಮಲಮ್ಮನೂ ಸೇರಿ ಸಂಜೆಗೆ ಕಡಿದು ತಂದಿರಬೇಕು. ಮೇಲಿನಿಂದ ಕೆಳಗಿನವರೆಗೆ, ಹಂದಿಯಿರಲಿ ಒಂದು ಕೈ ಕೂಡ ತೂರದ ಹಾಗೆ ಬಿಗಿದು, ಹಳೆಯ ಸೀರೆಯ ಅಂಚನ್ನು ಹರಿದು ಮೂರು ಕಡೆ ಕಟ್ಟಿದ್ದರು. ಕದಲುತ್ತದೆಯೇ ಎಂದು ನೋಡಲು ಹೋಗಿ ಹಿಡಿಯಲು ಬುಡ ಹುಡುಕಿದ. ಸಿಗಲಿಲ್ಲ. ಬುಡಗಳೆಲ್ಲ ಆ ಕಡೆಗಿದ್ದವು. ಮುಳ್ಳುಗಳೆಲ್ಲ ಅವನ ಕಡೆಗೆ.

ಅವತ್ತೇ ಅವನು ಆವನಿಯ ಕ್ಯಾಂಪಿಗೆ ಹೊರಟ, ಈ ಸಲ ನಿಜವಾಗಿ. ಮೂರು ದಿನ ಆ ಹಳ್ಳಿಗಳಲ್ಲಿ ದಾಕು ಹಾಕಿದ. ಸಿಡುಬು ಬಂದು ಹೋದ ಒಂದು ಮನೆಯಲ್ಲಿ ಅಜ್ಜಿಯೊಬ್ಬಳು, ಹೋದ ವರ್ಷ ಬಂದಿದ್ದರೆ ಇದು ತಪ್ಪುತ್ತಿತ್ತಲ್ಲವೇ ಸ್ವಾಮಿ ಎಂದು ಬಹಳ ಮರ್ಯಾದೆಯಿಂದ ಕೇಳಿದಳು. ಅವಳು ಆಪಾದನೆ ಮಾಡುತ್ತಿಲ್ಲ ಎಂದು ಎಷ್ಟು ಹೇಳಿಕೊಂಡರೂ ಅವನಿಗೆ ನಂಬಿಕೆ ಬರಲಿಲ್ಲ. ದಾಕು ಹಾಕುವ ಸಣ್ಣ ಮುಳ್ಳುಗಳ ಚಕ್ರವನ್ನು ಎಳೆಯ ತೋಳಿನ ಮೇಲೆ ತಿರುಗಿಸುವಾಗಲೆಲ್ಲ ಪಟ್ಟಿಯ ಆ ಎರಡು ಪದಗಳು ನೆನಪಾದವು. ರಾತ್ರಿಯೆಲ್ಲ ಒಂದೇ ಆಸೆ: ಊರಿಗೆ ಹೋಗುವ ಹೊತ್ತಿಗೆ ಪಾತಿ ಕೆದರಿರಲಿ. ಎಲ್ಲ ಹೋಗಿರಲಿ, ಒಂದು ಎಳೆ ಬಳ್ಳಿಯೂ ಉಳಿಯದಿರಲಿ. ಮೂರನೆಯ ದಿನ ಸಂಜೆ ಮನೆಗೆ ಬಂದವನು ಕಾಲು ತೊಳೆಯುವ ಮೊದಲೇ ಹಂದಿ ಬಂದಿತ್ತಾ ಎಂದು ಕೇಳಿದ. ಗಂಗರತ್ನಮ್ಮ ಇಲ್ಲವೆಂದಳು. ಅವನು ನಿಂತೇ ಇದ್ದ. ಆಗ ಅವಳು ಒಲೆಯ ಕಡೆಗೆ ಮುಖ ಮಾಡಿಕೊಂಡೇ, ಮೂರು ದಿನದಿಂದ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಹೇಳಿದಳು.

"ಇನ್ನ ಬರಲ್ಲ. ಕದ್ದು ತಗೊಂಡ್ರೆ ಅದು ಅವ್ರು ಮಾಡಿದ ಹಿತ್ಲು, ನೀವು ಕೊಟ್ರೆ ನಿಮ್ಮ ಹಿತ್ಲು. ಅವ್ರು ಹಂದಿ ಅನ್ನಿಸ್ಕೊಂಡಾದ್ರೂ ಬರ್ತಿದ್ರು. ನೀವು ಅದನ್ನೂ ಕಿತ್ಕೊಂಡ್ರಿ."

ಮಾರನೆಯ ಬೆಳಗ್ಗೆ ಅವನು ಗೆಣಸು ಅಗೆದ. ದೊಡ್ಡವನ್ನು ಆರಿಸಿ ದಾಕಿನ ಚೀಲದ ತಳಕ್ಕೆ ಹಾಕಿ, ಮೇಲೆ ಟವಲು ಹೊದಿಸಿ, ಅದರ ಮೇಲೆ ತಗಡಿನ ಡಬ್ಬಿ ಇಟ್ಟ. ಮುಂಬಾಗಿಲಿನಿಂದ ಬೀದಿಗಿಳಿದು ಇಪ್ಪತ್ತು ಹೆಜ್ಜೆ. ಎದುರುಮನೆಯ ಆದಿಲಕ್ಷ್ಮಮ್ಮ ರಂಗೋಲಿ ಬಿಡುತ್ತಿದ್ದವಳು ಕೈ ನಿಲ್ಲಿಸಿದಳು. ಇಡೀ ಊರು ಕಿಟಕಿಯಲ್ಲಿ ನಿಂತಿದೆ ಅನಿಸಿತು ಅವನಿಗೆ. ಅಮ್ಮ ಜಗಲಿಯ ಮೇಲೆ ಮೊರ ಹಿಡಿದು ಕೂತಿದ್ದಳು, ತೊಡೆಗೆ ಒರಗಿ ಆ ಮಗು. ಎರಡೂವರೆ ವರ್ಷದಲ್ಲಿ ಅಮ್ಮನನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಮೊಣಕೈಯ ಹತ್ತಿರ ಮುಳ್ಳು ಗೀರಿದ ಉದ್ದದ ಗಾಯ ಇನ್ನೂ ಒಣಗಿರಲಿಲ್ಲ. ಅವಳು ಅವನ ಮುಖ ನೋಡಲಿ ಎಂದು ನಿಂತ. ಅವಳು ಚೀಲವನ್ನು ನೋಡಿದಳು.

"ಏನು, ದಾಕು ಹಾಕಕ್ಕೆ ಬಂದ್ಯಾ?" ಎಂದಳು.

ಅದು ಚುಚ್ಚುಮಾತೋ ಅಥವಾ ಬೇಲಿಯಲ್ಲಿ ಬಿಟ್ಟ ಮೊಣಕಾಲೆತ್ತರದ ಜಾಗವೋ ಎಂದು ಅವನಿಗೆ ತಿಳಿಯಲಿಲ್ಲ. ಹೂಂ ಎಂದ. ಜಗಲಿಯ ಅಂಚಿನಲ್ಲಿ ಕೂತು ಡಬ್ಬಿ ತೆಗೆದ, ಗೆಣಸು ಕಾಣದ ಹಾಗೆ ಟವಲು ಸರಿಮಾಡಿದ. ಅಮ್ಮ ಮಗುವನ್ನು ಮಡಿಲಿಗೆ ಎಳೆದುಕೊಂಡು, ಅಂಗಿಯ ತೋಳು ಮೇಲಕ್ಕೆ ಸರಿಸಿ, ಆ ಸಣ್ಣ ತೋಳನ್ನು ಗಟ್ಟಿಯಾಗಿ ಹಿಡಿದು ಅವನ ಕಡೆಗೆ ಚಾಚಿದಳು. ಅವನು ತೋಳು ತೊಳೆದು, ಒರಸಿ, ದಾಕು ಹಚ್ಚಿ, ಚಕ್ರ ತಿರುಗಿಸಿದ. ನಾಲ್ಕು ಗುರುತು. ಮಗು ಕಿರಿಚಿಕೊಂಡಿತು. ಅವನ ಬೆರಳಿಗೂ ಅಮ್ಮನ ಬೆರಳಿಗೂ ನಡುವೆ ಆ ತೋಳಿನ ಎರಡು ಅಂಗುಲ ಜಾಗವಿತ್ತು. ಒಣಗುವವರೆಗೆ ಬಟ್ಟೆ ತಾಗಬಾರದು, ನೀರು ಹಾಕಬಾರದು ಎಂದು ಎಲ್ಲ ತಾಯಂದಿರಿಗೆ ಹೇಳುವಂತೆ ಅವಳಿಗೂ ಹೇಳಿದ. ಅಮ್ಮ ಅಳುವ ಮಗುವಿನ ಬೆನ್ನು ತಟ್ಟುತ್ತಾ, ಬೀದಿಯ ಕಡೆಗೆ ನೋಡುತ್ತಾ ಕೇಳಿದಳು, "ಎಂಟನೇ ದಿನಕ್ಕೆ ಗುಳ್ಳೆ ಎದ್ದೈತಾ ಇಲ್ವಾ ಅಂತ ನೋಡ್ಬೇಕಲ್ವಾ ದಾಕು ಹಾಕಿದೋರು?"

ನೋಡಬೇಕು ಎಂದ. ಅವಳು ಮಗುವನ್ನೆತ್ತಿಕೊಂಡು ಒಳಗೆ ಹೋದಳು. ಅವನು ಡಬ್ಬಿ ಮುಚ್ಚಿ, ಎದ್ದು ಬಂದ.

ಗಂಗರತ್ನಮ್ಮ ಬಾಗಿಲಲ್ಲೇ ಕಾದಿದ್ದಳು. ಚೀಲ ಇಸಿದುಕೊಂಡವಳಿಗೆ ಅದರ ಭಾರ ಗೊತ್ತಾಯಿತು, ಟವಲು ಎತ್ತಿ ಗೆಣಸುಗಳನ್ನು ನೋಡಿದಳು, ಮತ್ತೆ ಮುಚ್ಚಿದಳು. ಏನಂದರು ಎಂದು ಕೇಳಿದಳು. "ಎಂಟನೇ ದಿನ ಬಾ ಅಂದ್ಲು" ಎಂದ ಅವನು. ಅವಳ ಮುಖ ಅರಳಿತು. ಬಾ ಎಂದು ಅಮ್ಮ ಅಂದಿರಲಿಲ್ಲ. ಅದು ನೆನಪಿಗೆ ಬಂದರೂ ಅವನು ತಿದ್ದಲಿಲ್ಲ. ಪಟ್ಟಿ ತೆಗೆದು, ಭಾರತಿಯ ಹೆಸರಿನ ಎದುರಿಗಿದ್ದ ಎರಡು ಪದಗಳ ಮೇಲೆ ಗೆರೆ ಎಳೆದು, ಎಂಟು ದಿನದ ಮುಂದಿನ ತಾರೀಖು ಬರೆದುಕೊಂಡ.